ಬ್ರಿಟನ್ನಿನ ಕ್ಲಾಸ್ 08 ಶಂಟಿಂಗ್ ಎಂಜಿನ್ ಇಷ್ಟು ವರ್ಷ ಬಾಳಿಕೆ ಬಂದದ್ದು ಹೇಗೆ?

ಯಾರ್ಡಿನಲ್ಲಿ ಬೋಗಿ, ವ್ಯಾಗನ್‌ಗಳನ್ನು ಅತ್ತಿತ್ತ ಸರಿಸಿ ಜೋಡಿಸುವುದೇ ಶಂಟಿಂಗ್. ಆ ಕೆಲಸಕ್ಕೆ ಬೇಕಿದ್ದದ್ದು ವೇಗವಲ್ಲ, ಎಳೆತ. ಅದು ಇದರಲ್ಲಿ ಧಾರಾಳವಾಗಿತ್ತು. 1952ರಿಂದ 1962ರವರೆಗೆ ಬ್ರಿಟಿಷ್ ರೈಲ್ವೇಸ್ ಇಂಥ 996 ಎಂಜಿನ್ ತಯಾರಿಸಿತು. ಬರೀ 350 ಅಶ್ವಶಕ್ತಿ, ವೇಗವಂತೂ ಸೈಕಲ್ಲಿನಷ್ಟೇ. ಆದರೆ ಇದರೊಳಗಿನ ಡೀಸೆಲ್ ಯಂತ್ರ ನೇರವಾಗಿ ಗಾಲಿ ತಿರುಗಿಸುವುದಿಲ್ಲ. ಜನರೇಟರ್ ತಿರುಗಿಸುತ್ತದೆ, ಅದರ ವಿದ್ಯುತ್ತಿನಿಂದ ಮೋಟಾರುಗಳು ಗಾಲಿ ಉರುಳಿಸುತ್ತವೆ. ಇಂಥ ಮೋಟಾರಿನ ಎಳೆತ ಅತಿ ಹೆಚ್ಚಿರುವುದೇ ನಿಂತಲ್ಲಿಂದ ಹೊರಡುವಾಗ. ಮೂರೂ ಜೊತೆ ಗಾಲಿಗಳನ್ನು ಹೊರಗಿನ ಉಕ್ಕಿನ ಸರಳು ಒಟ್ಟಿಗೆ ಬಿಗಿದಿರುವುದರಿಂದ ಒಂದೇ ಜೊತೆ ಜಾರಿ ಗಿರಗಿರ ಸುತ್ತುವಂತಿಲ್ಲ.

ಉಗಿ ಎಂಜಿನ್ನಿಗಾದರೆ ಕೆಲಸವಿಲ್ಲದಾಗಲೂ ಬೆಂಕಿ ಉರಿಯುತ್ತಲೇ ಇರಬೇಕಿತ್ತು, ಇದನ್ನು ಸುಮ್ಮನೆ ಆರಿಸಿಡಬಹುದು. ಮುಂದೆ ಯಾರ್ಡಿನಲ್ಲಿ ವಿಂಗಡಿಸಿ ಜೋಡಿಸಬೇಕಿದ್ದ ಬಿಡಿ ವ್ಯಾಗನ್‌ಗಳ ಸಾಗಣೆಯೇ ಕುಸಿದು ಇಂಥ ನೂರಾರು ಕ್ಲಾಸ್ 08 ಎಂಜಿನ್‌ಗಳು ಗುಜರಿ ಸೇರಿದವು. ಅಳಿದುಳಿದವು ಡಿಪೋಗಳಲ್ಲಿ ಬೋಗಿ ಸರಿಸಿಕೊಂಡು ಇಂದಿಗೂ ಇವೆ.