ಹೊಸ ಲೆದರ್ ರೈಡಿಂಗ್ ಬೂಟು ತುಂಬಾ ಬಿಗಿ. ನೀರಲ್ಲಿ ನೆನೆಸಿದರೆ ಸಡಿಲ ಆಗುತ್ತಾ?

ನೆನೆಸಬೇಡಿ ಮಾರಾಯ್ರೆ. ಅಕಸ್ಮಾತ್ ನೆನೆದರೂ ಒಲೆ ಹತ್ತಿರ ಮಾತ್ರ ಇಡಬೇಡಿ. ಈ ಎರಡೂ ಕೆಲಸ ಮಾಡಿ ಒಂದು ಜೊತೆ ಬೂಟು ಹಾಳು ಮಾಡಿಕೊಂಡವನು ನಾನು. ಅದಕ್ಕೇ ಉತ್ತರ ಸ್ವಲ್ಪ ಉದ್ದ ಆಗುತ್ತದೆ.

ನೀವು ಹೇಳಿರುವುದು ಇಷ್ಟು: ಆನ್‌ಲೈನ್‌ನಲ್ಲಿ ತರಿಸಿದ ಉದ್ದನೆಯ ಬೂಟು. ಹಿಮ್ಮಡಿ ಕಚ್ಚುತ್ತದೆ, ಮೀನಖಂಡದ ಹತ್ತಿರ ಜಿಪ್ ಮೇಲೇರುವುದಿಲ್ಲ. ಇನ್ನು ಮೂರು ವಾರಕ್ಕೆ ಶಿವಮೊಗ್ಗದಿಂದ ಆಗುಂಬೆಗೆ ಬೈಕಲ್ಲಿ ಹೊರಡಬೇಕು. ರಾತ್ರಿ ಬಕೆಟ್ ನೀರಲ್ಲಿ ಮುಳುಗಿಸಿಟ್ಟು ಬೆಳಿಗ್ಗೆ ಒಣಗಿಸು ಅಂತ ಗೆಳೆಯರ ಸಲಹೆ.

ನಮ್ಮ ಮನೆ ಇರುವುದು ತೀರ್ಥಹಳ್ಳಿ ಕಡೆ. ಒಂದು ಜುಲೈನಲ್ಲಿ ಶಿವಮೊಗ್ಗದಲ್ಲಿ ಬೂಟು ಕೊಂಡು ಅದನ್ನೇ ಹಾಕಿಕೊಂಡು ಹೊರಟೆ. ಮಂಡಗದ್ದೆ ದಾಟುವಷ್ಟರಲ್ಲಿ ಮಳೆ ಹಿಡಿಯಿತು. ಮನೆ ಮುಟ್ಟಿದಾಗ ಬೂಟಿನೊಳಗೆ ನೀರು ಪಚಪಚ ಅನ್ನುತ್ತಿತ್ತು. ಮಳೆಗಾಲದಲ್ಲಿ ನಮ್ಮಲ್ಲಿ ಬಟ್ಟೆ ಒಣಗುವುದೇ ಬಚ್ಚಲೊಲೆಯ ಶಾಖಕ್ಕೆ. ಬೂಟನ್ನೂ ಅಲ್ಲೇ ಒಲೆ ಪಕ್ಕ ಇಟ್ಟು ಮಲಗಿದೆ. ಬೆಳಿಗ್ಗೆ ನೋಡಿದರೆ ಹಲಸಿನ ಹಪ್ಪಳದ ಹಾಗೆ ಸೆಟೆದುಕೊಂಡಿತ್ತು. ಬೆರಳು ಮಡಚುವ ಜಾಗದಲ್ಲಿ ಬಿರುಕು ಬಿಟ್ಟಿತ್ತು. ಸಡಿಲ ಆಗುವುದಿರಲಿ, ಕಾಲೇ ಒಳಗೆ ಇಳಿಯಲಿಲ್ಲ. ಅಜ್ಜಿ ಬಂದು ನೋಡಿ, "ಒಲೆ ಒಳಗೇ ಹಾಕಿದ್ರೆ ಹಂಡೆ ನೀರಾದ್ರೂ ಕಾಯ್ತಿತ್ತು" ಅಂದರು.

ಚರ್ಮ ಅಂದರೆ ಕೊಲಾಜನ್ ಅನ್ನುವ ನಾರುಗಳ ಹೆಣಿಗೆ. ಹದ ಮಾಡುವಾಗ ಆ ನಾರಿನ ನಡುವೆ ಜಿಡ್ಡು ಸೇರಿಸಿರುತ್ತಾರೆ. ಅದು ಇರುವಷ್ಟು ದಿನ ಚರ್ಮ ಮೆತ್ತಗೆ ಬಗ್ಗುತ್ತದೆ. ಸ್ವಲ್ಪ ತೇವ ತಾಗಿದರೆ ಇನ್ನೂ ಮೆತ್ತಗಾಗಿ, ನಿಧಾನಕ್ಕೆ ಒಣಗುವಾಗ ಕಾಲಿನ ಆಕಾರ ಹಿಡಿಯುತ್ತದೆ. ಹಾಗಾಗಿ ನಿಮ್ಮ ಗೆಳೆಯರು ಹೇಳಿದ್ದು ಪೂರ್ತಿ ಸುಳ್ಳಲ್ಲ. ಆದರೆ ಒದ್ದೆ ಚರ್ಮಕ್ಕೆ ಜೋರು ಬಿಸಿ ತಾಗಿದರೆ ನಾರು ಮುದುಡುತ್ತದೆ, ಮುದುಡಿದ್ದು ಮತ್ತೆ ಬಿಚ್ಚುವುದಿಲ್ಲ. ಅದೂ ಅಲ್ಲದೆ ಈಗಿನ ಬೂಟಿನಲ್ಲಿ ಬರೀ ಚರ್ಮ ಎಲ್ಲಿದೆ? ಅಂಟು, ಫೋಮ್, ಒಳಗೊಂದು ವಾಟರ್‌ಪ್ರೂಫ್ ಪದರ. ಬಕೆಟ್‌ನಲ್ಲಿ ಮುಳುಗಿಸಿದರೆ ಮೊದಲು ಕೈಕೊಡುವುದು ಅವೇ.

ಇನ್ನು ನಿಮ್ಮ ಬೂಟಿನ ವಿಷಯ. ಏನು ಮಾಡುವ ಮೊದಲೂ ಎಲ್ಲಿ ಬಿಗಿ ಅಂತ ಸರಿಯಾಗಿ ನೋಡಿ. ಸಂಜೆ ಹೊತ್ತು ಹಾಕಿ ನೋಡಿ, ಆಗ ಕಾಲು ಸ್ವಲ್ಪ ಊದಿರುತ್ತದೆ. ಒಗೆದ ಸಾಕ್ಸ್ ಹಾಕಿಕೊಂಡು ಮನೆಯೊಳಗೆ ಗುಡಿಸಿದ ನೆಲದ ಮೇಲೆ ಮಾತ್ರ ಓಡಾಡಿ. ಸೋಲ್ ಕೊಳೆಯಾದರೆ ವಾಪಸ್ ಕಳಿಸುವುದು ಕಷ್ಟ. ನೆಟ್ಟಗೆ ನಿಂತಾಗ ಹೆಬ್ಬೆರಳು ಮುಂದಕ್ಕೆ ಒತ್ತುತ್ತಿದ್ದರೆ ಇನ್ನು ಮುಂದಿನದು ಓದಲೇಬೇಡಿ, ಇವತ್ತೇ ವಾಪಸ್ ಕಳಿಸಿ. ಚರ್ಮ ಅಗಲಕ್ಕೆ ಹಿಗ್ಗುತ್ತದೆ, ಬೂಟಿನ ಉದ್ದ ಹೆಚ್ಚುವುದಿಲ್ಲ. ಮುಂದೆ ಗಟ್ಟಿ ಕ್ಯಾಪ್ ಇದ್ದರಂತೂ ಅಲ್ಲಿ ಒಂದಿಷ್ಟೂ ಜಾಗ ಆಗುವುದಿಲ್ಲ. ಅರ್ಧ ಗಂಟೆಯಲ್ಲಿ ಬೆರಳು ಜೋಮು ಹಿಡಿದರೂ ಅಷ್ಟೇ.

ಅಗಲಕ್ಕೆ ಬಿಗಿ, ಪಾದದ ಮೇಲೆ ಬಿಗಿ ಅಂದರೆ ಹೆದರಬೇಡಿ. ರೈಡಿಂಗ್ ಬೂಟು ಶುರುವಿನಲ್ಲಿ ಬಿಗಿಯಾಗೇ ಇರಬೇಕು. ಬಿದ್ದಾಗ ಕಾಲಿಂದ ಕಳಚಿ ಹೋಗುವ ಬೂಟು ಯಾಕೆ ಬೇಕು?

ಹಿಮ್ಮಡಿ ಕಚ್ಚುವುದನ್ನು ಮಾತ್ರ ಸುಮಾರು ಜನ ತಪ್ಪು ತಿಳಿಯುತ್ತಾರೆ. ನಾನೂ ತಿಳಿದಿದ್ದೆ. ಎಷ್ಟೋ ಸಲ ಅದು ಬಿಗಿಯಿಂದ ಆಗುವುದಲ್ಲ. ಹೊಸ ಬೂಟು ಪಾದದ ಮಣಿಕಟ್ಟಿನ ಹತ್ತಿರ ಮತ್ತು ಸೋಲ್‌ನಲ್ಲಿ ಬಗ್ಗುವುದಿಲ್ಲ. ನೀವು ಹೆಜ್ಜೆ ಇಟ್ಟಾಗ ಹಿಮ್ಮಡಿ ಮೇಲೆ ಎದ್ದು ಉಜ್ಜುತ್ತದೆ. ಅಂದರೆ ಹಿಗ್ಗಿಸಬೇಕಾದ್ದು ಹಿಮ್ಮಡಿಯನ್ನಲ್ಲ, ಬಗ್ಗುವ ಜಾಗವನ್ನು ಪಳಗಿಸಬೇಕು. ದಪ್ಪ ಸಾಕ್ಸ್ ಹಾಕಿ, ದಿನಕ್ಕೆ ಎರಡು ಸಲ ಅರ್ಧರ್ಧ ಗಂಟೆ ಮನೆಯಲ್ಲೇ ಹಾಕಿಕೊಂಡಿರಿ. ಮೆಟ್ಟಿಲು ಹತ್ತಿ ಇಳಿಯಿರಿ, ಕುಕ್ಕರಗಾಲಲ್ಲಿ ಕೂತು ಏಳಿ. ಬಗ್ಗುವ ಜಾಗವನ್ನು ಒದ್ದೆ ಬಟ್ಟೆಯಿಂದ ಒಮ್ಮೆ ಒರೆಸಿ ಹಾಕಿಕೊಂಡರೆ ಬೇಗ ಪಳಗುತ್ತದೆ. ನೆನಪಿಡಿ, ಒರೆಸುವುದಷ್ಟೇ. ಹಿಮ್ಮಡಿಯ ಒಳಗೆ ಎಲ್ಲಾದರೂ ಅಂಚು ಚುಚ್ಚುತ್ತಿದ್ದರೆ ಸೌಟಿನ ಬೆನ್ನಿಂದ ಒತ್ತಿ ಉಜ್ಜಿ. (ಸೌಟು ಅಡುಗೆಮನೆಗೆ ವಾಪಸ್ ಹೋಗಬಾರದು.) ಹೊರಗೆ ಹೊರಡುವ ದಿನ ಹಿಮ್ಮಡಿಗೆ ಮುಂಚೆಯೇ ಟೇಪ್ ಅಂಟಿಸಿಕೊಳ್ಳಿ. ಬೊಬ್ಬೆ ಎದ್ದ ಮೇಲೆ ಅಂಟಿಸಿ ಏನು ಪ್ರಯೋಜನ? ಎದ್ದರೂ ಒಡೆಯಬೇಡಿ.

ಜಿಪ್ ಹತ್ತದಿದ್ದರೆ ಇಕ್ಕಳ ಹಾಕಿ ಎಳೆಯಬೇಡಿ. ಹಲ್ಲಿಗೆ ಮೇಣದ ಬತ್ತಿ ಉಜ್ಜಿ, ಬೆಳಿಗ್ಗೆ ಹೊತ್ತು ತೆಳು ಸಾಕ್ಸ್ ಹಾಕಿ, ಕೂತುಕೊಂಡು ಪ್ರಯತ್ನಿಸಿ. ಒಂದೆರಡು ಬೆರಳಿನಷ್ಟು ಬಾಕಿ ಉಳಿದರೆ ಚಪ್ಪಲಿ ಹೊಲಿಯುವವರ ಹತ್ತಿರ ಹೋಗಿ. ತಿರುಪು ಇರುವ ಮರದ ಅಚ್ಚು ಇಟ್ಟು ಅಗಲ ಮಾಡಿಕೊಡುತ್ತಾರೆ, ಇಲ್ಲವೇ ಹಿಂದೆ ಎಲಾಸ್ಟಿಕ್ ಪಟ್ಟಿ ಸೇರಿಸಿ ಹೊಲಿಯುತ್ತಾರೆ. ಆದರೆ ಬೂಟಿನ ಮೇಲೆ ಇಎನ್ 13634 ಅಂತ ಗುರುತು ಇದ್ದರೆ ಒಳಗಿನ ಪ್ಯಾಡಿಂಗ್ ಕೀಳಿಸಬೇಡಿ. ಅದು ಬೈಕ್ ಓಡಿಸುವವರ ರಕ್ಷಣೆ ಬೂಟಿಗೆ ಇರುವ ಯುರೋಪಿನ ಮಾನದಂಡ. ಪ್ಯಾಡಿಂಗ್ ಕಿತ್ತ ಮೇಲೆ ಆ ಗುರುತಿಗೆ ಅರ್ಥ ಇರುವುದಿಲ್ಲ.

ಎಣ್ಣೆ ಹಚ್ಚು ಅಂತಲೂ ಹೇಳುತ್ತಾರೆ. ತೆಂಗಿನೆಣ್ಣೆ ನಾನು ಹಚ್ಚಿ ನೋಡಿದ್ದೇನೆ. ಮೆತ್ತಗಾಯಿತು ನಿಜ. ಜೊತೆಗೆ ಬಣ್ಣ ಕಪ್ಪಾಯಿತು, ಮಳೆಗಾಲದಲ್ಲಿ ಬೂಸ್ಟು ಹಿಡಿಯಿತು. ಲೆದರ್ ಕಂಡಿಷನರ್ ಒಂದು ತೆಳು ಲೇಪ ಸಾಕು. ಬೂಟಿನೊಳಗೆ ನೀರಿನ ಚೀಲ ತುರುಕಿ ಫ್ರೀಜರ್‌ನಲ್ಲಿಡುವ ಉಪಾಯವೂ ಇದೆ. ನೀರು ಹೆಪ್ಪುಗಟ್ಟುವಾಗ ಸುಮಾರು 9 ಪರ್ಸೆಂಟ್ ಹಿಗ್ಗುತ್ತದೆ, ಸರಿ. ಆದರೆ ನಮ್ಮ ಕಡೆ ಮಳೆಗಾಲದ ಕರೆಂಟು ನಂಬಿ ಆ ಸಾಹಸಕ್ಕೆ ಯಾರು ಇಳಿಯುತ್ತಾರೆ? ಮನೆಯವರು ಒಪ್ಪಬೇಕಲ್ಲ, ಅದು ಬೇರೆ.

ಮೂರು ವಾರ ಸಾಕಾಗುತ್ತದೆ. ಮೊದಲ ವಾರ ಮನೆಯಲ್ಲೇ. ಬೈಕನ್ನು ಅಂಗಳದಲ್ಲಿ ಸ್ಟ್ಯಾಂಡ್ ಹಾಕಿ, ಎಂಜಿನ್ ಆಫ್ ಮಾಡಿ, ಬೂಟು ಹಾಕಿಕೊಂಡು ಸುಮ್ನೆ ಗೇರ್ ಲಿವರ್ ತುಳಿಯಿರಿ, ಎತ್ತಿರಿ. ಬೂಟಿನ ಮುಂಭಾಗ ದಪ್ಪ ಇರುವುದರಿಂದ ಲಿವರ್ ಅಡಿಗೆ ಕಾಲು ಹೋಗದೆ ಇರಬಹುದು. ಮೆಕ್ಯಾನಿಕ್‌ಗೆ ಹೇಳಿದರೆ ಲಿವರ್ ಬಿಚ್ಚಿ ಒಂದು ಹಲ್ಲು ಮೇಲಕ್ಕೆ ಕೂರಿಸುತ್ತಾರೆ. ಬಲಗಾಲಿನದೂ ನೋಡಿಕೊಳ್ಳಿ. ದಪ್ಪ ಸೋಲ್‌ನಲ್ಲಿ ಬ್ರೇಕ್ ಮೇಲೆ ಕಾಲು ಕೂತಿರುವುದು ಗೊತ್ತೇ ಆಗುವುದಿಲ್ಲ. ಹಿಂದೆ ಯಾರನ್ನಾದರೂ ನಿಲ್ಲಿಸಿ ಬ್ರೇಕ್ ಲೈಟ್ ಉರಿಯುತ್ತಿದೆಯಾ ಕೇಳಿ.

ಎರಡನೇ ವಾರ ಸಕ್ರೆಬೈಲಿಗೆ ಹೋಗಿ ಆನೆ ನೋಡಿ ಬನ್ನಿ. ಅದು ಶಿವಮೊಗ್ಗದಿಂದ ಸುಮಾರು 14 ಕಿಲೋಮೀಟರ್. ಕಾಲು ಸುಮ್ಮನಿದ್ದರೆ ಇನ್ನೊಂದು ದಿನ ಮಂಡಗದ್ದೆವರೆಗೆ, ಸುಮಾರು 30. ಮೂರನೇ ವಾರ ತೀರ್ಥಹಳ್ಳಿಗೆ ಹೋಗಿ ಬನ್ನಿ, ಒಂದು ಕಡೆಗೆ ಸುಮಾರು 60 ಆಗುತ್ತದೆ. ಅಷ್ಟು ದೂರಕ್ಕೂ ಕಾಲು ಬೈಯದಿದ್ದರೆ ಆಗುಂಬೆಗೆ ಹೊರಡಿ. ಸೋಮೇಶ್ವರದ ಕಡೆ ಇಳಿಯುವುದಾದರೆ 14 ಹೇರ್‌ಪಿನ್ ತಿರುವುಗಳಿವೆ. ಗೇರ್ ಎಲ್ಲಿದೆ ಅಂತ ಕಾಲಲ್ಲಿ ಹುಡುಕುವ ಜಾಗ ಅದಲ್ಲ.

ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ಮೀರಿ ಮಳೆ ಬೀಳುತ್ತದೆ. ಹಾಗಾಗಿ ಬೂಟು ನೆನೆಯುವುದನ್ನು ತಪ್ಪಿಸಲು ಆಗದೇ ಇರಬಹುದು. ನೆನೆದರೆ ಒಳಗಿನ ಸೋಲ್ ತೆಗೆದು, ಹಳೇ ಪೇಪರ್ ತುರುಕಿ, ಫ್ಯಾನ್ ಕೆಳಗೆ ಇಡಿ. ಪೇಪರ್ ಒದ್ದೆಯಾದ ಹಾಗೆ ಬದಲಿಸಿ. ಎರಡು ದಿನ ಹಿಡಿಯಬಹುದು, ಹಿಡಿಯಲಿ. ಇಂಬಳ (ಜಿಗಣೆ) ಹೊಕ್ಕಿದೆಯಾ ಅಂತಲೂ ಕೊಡವಿ ನೋಡಿ, ಅದಕ್ಕೆ ಬೂಟು ಬಿಗಿಯೋ ಸಡಿಲವೋ ಲೆಕ್ಕಕ್ಕಿಲ್ಲ. ಮತ್ತೆ ಬ್ಯಾಗಿನಲ್ಲಿ ಒಂದು ಜೊತೆ ಹವಾಯಿ ಚಪ್ಪಲಿ ಇಟ್ಟುಕೊಂಡೇ ಹೊರಡಿ. ಆಗುಂಬೆಯಲ್ಲಿ ಬೈಕ್ ನಿಲ್ಲಿಸಿದ ಮೇಲೆ ಓಡಾಡಲು ಅದೇ ಬೇಕಾಗುತ್ತದೆ.