ಹತ್ತದ ಬಸ್ಸಿಗೂ ದುಡ್ಡು ಯಾಕೆ?

ಮಂಡ್ಯದ ಅಶೋಕನಗರದಿಂದ ತಾಯಿಯೊಬ್ಬರು ಉದ್ದನೆಯ ಪತ್ರ ಬರೆದಿದ್ದಾರೆ. ಅದರ ಮುಖ್ಯ ಭಾಗ ಹೀಗಿದೆ:

“ನನ್ನ ಮಗ ಅಮೆರಿಕದಲ್ಲಿ ಎಂ.ಎಸ್. ಓದುತ್ತಿದ್ದಾನೆ. ಮೊನ್ನೆ ಫೀಸಿನ ಪಟ್ಟಿ ಕಳಿಸಿದ. ಅದರಲ್ಲಿ ಬಸ್ ಪಾಸ್ ಅಂತ ಒಂದು ಬಾಬ್ತು ಇದೆ. ಅವನ ರೂಮು ಯೂನಿವರ್ಸಿಟಿಯ ಹಿಂದುಗಡೆಯೇ ಇದೆ, ನಡೆದುಕೊಂಡು ಹೋಗುತ್ತಾನೆ. ಬೇಡ ಅಂದರೂ ಬಿಡುವುದಿಲ್ಲವಂತೆ, ಎಲ್ಲರೂ ಕಟ್ಟಲೇಬೇಕಂತೆ. ಸಾಲ ಮಾಡಿ ಕಳಿಸಿರುವ ನಮಗೆ ಒಂದೊಂದು ಡಾಲರೂ ಲೆಕ್ಕವೇ. ಇಲ್ಲಿ ಮಗಳು ದಿನಾ ಮಂಡ್ಯದಿಂದ ಮೈಸೂರು ಯೂನಿವರ್ಸಿಟಿಯ ಮಾನಸಗಂಗೋತ್ರಿಗೆ ಎಂ.ಎಸ್ಸಿ. ಓದಲು ಹೋಗಿಬರುತ್ತಾಳೆ, ಒಂದು ರೂಪಾಯಿ ಖರ್ಚಿಲ್ಲ. ಹಾಗಾದರೆ ನಮ್ಮ ಕರ್ನಾಟಕವೇ ವಾಸಿ ಅಲ್ವಾ? ಆದರೆ ಪಕ್ಕದ ಮನೆಯ ಹುಡುಗ ಮೈಸೂರಿನಲ್ಲಿ ಪಿಎಚ್.ಡಿ. ಮಾಡುತ್ತಿದ್ದಾನೆ. ನಮ್ಮಲ್ಲೂ ಇದೇ ಥರ ಪಾಸು ಕಡ್ಡಾಯ ಮಾಡಿ ಅಂತ ಅರ್ಜಿ ಬರೆಯುತ್ತಿದ್ದಾನೆ. ಯಾರದು ಸರಿ, ನೀವೇ ಹೇಳಿ.”

ಅಮ್ಮಾ, ನಮಸ್ಕಾರ.

ನಿಮ್ಮ ಸಿಟ್ಟಿನಲ್ಲಿ ತಪ್ಪಿಲ್ಲ. ಆದರೂ ಮಗ ಕಟ್ಟಿದ ದುಡ್ಡನ್ನು ಸುಲಿಗೆ ಅನ್ನಲು ನನಗೆ ಮನಸ್ಸು ಬರುತ್ತಿಲ್ಲ. ಹಾಗಂತ ಪಕ್ಕದ ಮನೆಯ ಹುಡುಗನ ಅರ್ಜಿಗೆ ಸಹಿ ಹಾಕುವ ಮನಸ್ಸೂ ಇಲ್ಲ. ಎರಡೂ ಕಡೆ ಕಾಲು ಇಟ್ಟ ಹಾಗೆ ಕಾಣಬಹುದು. ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮೊದಲು ಮಗನ ಪಾಸಿನ ವಿಷಯ. ಅಮೆರಿಕ, ಕೆನಡಾದ ಎಷ್ಟೋ ವಿಶ್ವವಿದ್ಯಾನಿಲಯಗಳಲ್ಲಿ ಇದನ್ನು ಯು-ಪಾಸ್ ಅನ್ನುತ್ತಾರೆ. ಫೀಸಿನ ಜೊತೆಗೇ ದುಡ್ಡು ಹಿಡಿಯುತ್ತಾರೆ. ಆಮೇಲೆ ಆ ಊರಿನ ಬಸ್ಸಿಗೆ ಎಷ್ಟು ಸಲ ಬೇಕಾದರೂ ಹತ್ತಬಹುದು. ಯಾವ ರೂಟು, ಎಷ್ಟು ಹೊತ್ತಿಗೆ ಅಂತ ಯಾರೂ ಕೇಳುವುದಿಲ್ಲ. ಎಷ್ಟೋ ಕಡೆ ಐಡಿ ಕಾರ್ಡೇ ಪಾಸು. ಕ್ಲಾಸಿಗೇ ಹೋಗಬೇಕು ಅಂತೇನೂ ಇಲ್ಲ. ಭಾನುವಾರ ತರಕಾರಿ ತರಲೂ ಅದೇ ಪಾಸು ನಡೆಯುತ್ತದೆ.

ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾನಿಲಯದಲ್ಲಿ ಇದು ಶುರುವಾಗಿದ್ದು 1991ರಲ್ಲಿ. ಕ್ಯಾಂಪಸ್ಸಿನ ಸುತ್ತ ಕಾರುಗಳ ಕಾಟ ಜಾಸ್ತಿಯಾಗಿತ್ತು. ಹಾಗಾಗಿ ಪಾರ್ಕಿಂಗ್ ದರ ಏರಿಸಿ, ಬಸ್ ಪಾಸನ್ನು ಅಗ್ಗ ಮಾಡಿದರು. ಇಪ್ಪತ್ತು ವರ್ಷ ಬೇಕಾದವರು ಮಾತ್ರ ಪಾಸು ಇಟ್ಟುಕೊಳ್ಳುತ್ತಿದ್ದರು. 2011ರಲ್ಲಿ ಅದನ್ನು ವಿದ್ಯಾರ್ಥಿಗಳೆಲ್ಲರಿಗೂ ಅನ್ವಯ ಮಾಡಿದರು. ಆಗ ಮೂರು ತಿಂಗಳ ಅವಧಿಗೆ 76 ಡಾಲರ್.

ಬೇಕಾದವರು ಕೊಂಡುಕೊಳ್ಳಲಿ ಅಂತ ಹಾಗೇ ಬಿಟ್ಟಿದ್ದರೆ ಆಗುತ್ತಿರಲಿಲ್ಲವಾ? ಬಹಳ ಕಾಲ ಆಗುತ್ತಿರಲಿಲ್ಲ. ನಮ್ಮ ಕಡೆ ಊರ ಹಬ್ಬಕ್ಕೆ ಮನೆಗಿಷ್ಟು ಅಂತ ವಂತಿಗೆ ಎತ್ತುತ್ತಾರಲ್ಲ, ಹಾಗೆ. ತೇರು ನೋಡಲು ಬರುವವರು ಮಾತ್ರ ಕೊಡಿ ಅಂದರೆ ನಾಲ್ಕೇ ಮನೆಯವರ ಮೇಲೆ ಪೂರ್ತಿ ಖರ್ಚು ಬೀಳುತ್ತದೆ. ಮಾರನೇ ವರ್ಷ ಆ ನಾಲ್ಕರಲ್ಲಿ ಎರಡು ಮನೆ ಕೈ ಎತ್ತುತ್ತವೆ. ಬಸ್ ಪಾಸಿನಲ್ಲೂ ಅಷ್ಟೇ. ಇಷ್ಟ ಇದ್ದವರಿಗೆ ಮಾತ್ರ ಅಂದಾಗ ದಿನಕ್ಕೆ ನಾಲ್ಕು ಸಲ ಹತ್ತುವವರೇ ಕೊಳ್ಳುತ್ತಾರೆ. ಬಸ್ಸಿನವರಿಗೆ ಗಿಟ್ಟುವುದಿಲ್ಲ, ದರ ಏರಿಸುತ್ತಾರೆ. ವಾರಕ್ಕೆರಡು ಸಲ ಹತ್ತುವವರು ಬಿಟ್ಟುಬಿಡುತ್ತಾರೆ. ದರ ಇನ್ನೂ ಏರುತ್ತದೆ. ಎಲ್ಲರೂ ಕಟ್ಟಿದಾಗ ಮಾತ್ರ ತಲೆಗೆ ಬೀಳುವ ದುಡ್ಡು ಸಣ್ಣದಾಗುತ್ತದೆ.

ಇನ್ನೊಂದು ಮಾತನ್ನು ಮಗ ನಿಮಗೆ ಹೇಳಿರಲಿಕ್ಕಿಲ್ಲ. ಇಂಥ ಪಾಸನ್ನು ಎಷ್ಟೋ ಕಡೆ ವಿದ್ಯಾರ್ಥಿಗಳೇ ಕೇಳಿ ಪಡೆದಿದ್ದಾರೆ. ಕೆನಡಾದ ವ್ಯಾಂಕೂವರ್‌ನಲ್ಲಿರುವ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾನಿಲಯದಲ್ಲಿ 2003ರಲ್ಲಿ ಓಟು ಹಾಕಿ ಒಪ್ಪಿಕೊಂಡರು. ಓಟಾಗಿದೆ ಅಂದಮೇಲೆ ಸೋತವರೂ ಕಟ್ಟಬೇಕು. ನಿಮ್ಮ ಮಗ ಸೇರುವ ಹೊತ್ತಿಗೆ ಅವನ ಹಿರಿಯ ವಿದ್ಯಾರ್ಥಿಗಳು ಯಾವತ್ತೋ ತೀರ್ಮಾನ ಮಾಡಿ ಮುಗಿಸಿರಬಹುದು.

ಇಲ್ಲಿ ಒಂದು ಅನ್ಯಾಯ ಇದೆ ಅಂತ ನನಗೂ ಅನ್ನಿಸುತ್ತದೆ. ಇಂಥ ಓಟಿನಲ್ಲಿ ಡಿಗ್ರಿ ಓದುವ ಹುಡುಗರ ಸಂಖ್ಯೆ ಸಾಮಾನ್ಯವಾಗಿ ದೊಡ್ಡದು. ಎಂ.ಎಸ್., ಪಿಎಚ್.ಡಿ. ಮಾಡುವವರ ಬದುಕೇ ಬೇರೆ. ಅವರಲ್ಲಿ ಮದುವೆಯಾದವರಿರುತ್ತಾರೆ, ಮಗುವನ್ನು ಶಾಲೆಗೆ ಬಿಟ್ಟು ಲ್ಯಾಬಿಗೆ ಓಡುವವರಿರುತ್ತಾರೆ. ಫೀಲ್ಡ್‌ವರ್ಕ್ ಅಂತ ಆರು ತಿಂಗಳು ಆ ಊರಿನಲ್ಲೇ ಇರದವರೂ ಇರುತ್ತಾರೆ. ಪಾಠ ಹೇಳುವ ಕೆಲಸ ಸಿಕ್ಕವರಿಗೆ ಎಷ್ಟೋ ಕಡೆ ಬೋಧನಾ ಶುಲ್ಕ ಮಾಫಿ ಆಗುತ್ತದೆ. ಆದರೆ ಇಂಥ ಚಿಲ್ಲರೆ ಫೀಸುಗಳು ಹೆಚ್ಚಿನ ಕಡೆ ಮಾಫಿ ಆಗುವುದಿಲ್ಲ. ಸಂಬಳ ಬಂದ ಕೈಯಿಂದಲೇ ವಾಪಸ್ ಕಟ್ಟಬೇಕು. ಅದಕ್ಕೇ ಕೆಲವು ಕಡೆ ವಿನಾಯಿತಿ ಇಟ್ಟಿದ್ದಾರೆ. ಆ ಅವಧಿ ಪೂರ್ತಿ ಊರಲ್ಲಿ ಇರದವರು, ಬಸ್ಸು ಬಳಸಲು ಆಗದಂಥ ಅಂಗವೈಕಲ್ಯ ಇರುವವರು, ಬೇರೆ ಪಾಸು ಇರುವವರು ಅರ್ಜಿ ಹಾಕಬಹುದು. ರೂಮು ಹತ್ತಿರ ಇದೆ ಅನ್ನುವುದು ಸಾಮಾನ್ಯವಾಗಿ ಕಾರಣ ಆಗುವುದಿಲ್ಲ. ಆದರೂ ಮಗನಿಗೆ ಒಂದು ಸಲ ವಿಚಾರಿಸಲು ಹೇಳಿ, ಅದೂ ತರಗತಿ ಶುರುವಾದ ಮೊದಲ ವಾರಗಳಲ್ಲೇ. ಇಂಥ ಅರ್ಜಿಗಳಿಗೆ ಗಡುವು ಬೇಗ ಮುಗಿಯುತ್ತದೆ.

ವಿನಾಯಿತಿ ಸಿಗದಿದ್ದರೆ ಸುಮ್ನೆ ಕೊರಗದೆ ಪಾಸು ಬಳಸಲಿ. ಕ್ಯಾಂಪಸ್ಸಿನ ಬೆನ್ನಿಗೇ ಇರುವ ರೂಮಿಗೆ ಬಾಡಿಗೆ ಜಾಸ್ತಿ ಇರುತ್ತದೆ. ಪಾಸು ಹೇಗೂ ಕೈಯಲ್ಲಿದೆ. ನಾಲ್ಕು ಸ್ಟಾಪು ಆಚೆ ರೂಮು ನೋಡಿದರೆ ಪಾಸಿನ ದುಡ್ಡು ಬಾಡಿಗೆಯಲ್ಲೇ ಹುಟ್ಟಬಹುದು. ಇದು ತಾಯಿಗೆ ಹೇಳುವ ಮಾತಲ್ಲ, ಮಗನಿಗೆ ದಾಟಿಸಿ.

ಇನ್ನು ನಿಮ್ಮ ಮಗಳ ವಿಷಯ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದಮೇಲೆ ಅವಳಿಗೆ ಸಾಮಾನ್ಯ ಬಸ್ಸು, ವೇಗದೂತ ಎರಡರಲ್ಲೂ ದುಡ್ಡು ಕೇಳುವಂತಿಲ್ಲ. ಆದರೆ ಕಂಡಕ್ಟರ್ ಅವಳಿಗೂ ಒಂದು ಟಿಕೆಟ್ ಹರಿದು ಕೊಡುತ್ತಾರೆ, ಗಮನಿಸಿದ್ದೀರಾ? ಕೆಲವರು ಅದನ್ನು ಇಸಿದುಕೊಳ್ಳುವುದೇ ಇಲ್ಲ, ಪುಕ್ಕಟೆ ತಾನೇ ಅಂತ ಕೈ ಆಡಿಸಿಬಿಡುತ್ತಾರೆ. ಅದು ಶೂನ್ಯ ಟಿಕೆಟ್. ಅದರ ಲೆಕ್ಕ ಹಿಡಿದೇ ಸರ್ಕಾರ ಸಾರಿಗೆ ನಿಗಮಕ್ಕೆ ದುಡ್ಡು ಕೊಡಬೇಕು. ಆ ದುಡ್ಡು ನೀವು ಪೆಟ್ರೋಲ್ ಹಾಕಿಸುವಾಗ, ನಾನು ಮನೆ ಪತ್ರ ನೋಂದಾಯಿಸುವಾಗ ಕೊಟ್ಟ ತೆರಿಗೆ. ಅಲ್ಲಿಗೆ ನಿಮ್ಮ ಮಗ ಹತ್ತದ ಬಸ್ಸಿಗೆ ಕಟ್ಟುವ ಹಾಗೆಯೇ ಇಲ್ಲಿ ನಾವೂ ಹತ್ತದ ಬಸ್ಸಿಗೆ ಕಟ್ಟುತ್ತಿದ್ದೇವೆ. ಅವನದು ರಶೀದಿಯಲ್ಲಿ ಕಂಡಿತು, ನಮ್ಮದು ಕಾಣುವುದಿಲ್ಲ, ಅಷ್ಟೇ. ಯಾವ ದೇಶ ವಾಸಿ ಅನ್ನುವ ಪಂದ್ಯ ಇಲ್ಲಿ ನಡೆಯುವುದಿಲ್ಲ ಅಮ್ಮಾ.

ಈ ಶಕ್ತಿಯಿಂದಲೇ ಪಕ್ಕದ ಮನೆಯ ಹುಡುಗನ ಅರ್ಜಿ ತೊಡರಿಕೊಳ್ಳುತ್ತದೆ. ಮಾನಸಗಂಗೋತ್ರಿಯ ವಿದ್ಯಾರ್ಥಿಗಳನ್ನು ಒಮ್ಮೆ ಕಣ್ಣೆದುರು ತಂದುಕೊಳ್ಳಿ. ಎಷ್ಟೋ ಎಂ.ಎ., ಎಂ.ಎಸ್ಸಿ. ತರಗತಿಗಳಲ್ಲಿ ಹುಡುಗಿಯರೇ ಜಾಸ್ತಿ. ಅವರಿಗೆ ಆಗಲೇ ಬಸ್ಸಿಗೆ ದುಡ್ಡಿಲ್ಲ. ಪಾಸು ಕಡ್ಡಾಯ ಅಂದರೆ ಪುಕ್ಕಟೆ ಸಿಗುತ್ತಿರುವುದಕ್ಕೆ ಅವರು ಫೀಸು ಕಟ್ಟಬೇಕು. ಅವರನ್ನು ಬಿಟ್ಟುಬಿಡಿ ಅನ್ನೋಣ. ಉಳಿದವರಲ್ಲಿ ಹಾಸ್ಟೆಲ್ ಹುಡುಗರಿದ್ದಾರೆ, ಪಡುವಾರಹಳ್ಳಿಯಲ್ಲಿ ಮೂರು ನಾಲ್ಕು ಜನ ಸೇರಿ ರೂಮು ಮಾಡಿಕೊಂಡು ನಡೆದೇ ಬರುವವರಿದ್ದಾರೆ, ಬೈಕಿನವರಿದ್ದಾರೆ. ದಿನಾ ಬಸ್ಸು ಹತ್ತುವ ಕೆಲವು ಹುಡುಗರಿಗಾಗಿ ಇವರೆಲ್ಲ ಕಟ್ಟಬೇಕು. ಜೊತೆಗೆ ಕೇರಳದ ವಯನಾಡಿನಿಂದ ಬಂದ ಹುಡುಗಿಗೆ ಶಕ್ತಿ ಇಲ್ಲ, ಯಾಕೆಂದರೆ ಅದು ಕರ್ನಾಟಕದ ವಿಳಾಸ ಇದ್ದವರಿಗೆ ಮಾತ್ರ. ಗೆಳತಿಯರನ್ನು ಬಿಟ್ಟರೂ ಅವಳು ಕಟ್ಟಬೇಕು. ಹೀಗೆ ಒಬ್ಬೊಬ್ಬರನ್ನೇ ಬಿಡುತ್ತಾ ಹೋದರೆ ವಂತಿಗೆ ಕೊಡುವ ಮನೆಗಳೇ ಊರಲ್ಲಿ ಉಳಿಯುವುದಿಲ್ಲ.

ಜರ್ಮನಿಯವರಿಗೆ ಇಂಥದ್ದೇ ಒಂದು ಇಕ್ಕಟ್ಟು ಬಂದಿತ್ತು. ಅಲ್ಲಿ 1990ರ ದಶಕದಿಂದ ವಿದ್ಯಾರ್ಥಿಗಳಿಗೆ ಕಡ್ಡಾಯ ಸೆಮಿಸ್ಟರ್ ಟಿಕೆಟ್ ಇದೆ. ಹತ್ತದವರು ಕಟ್ಟಬೇಕಾ ಅನ್ನುವ ಜಗಳ ಕೋರ್ಟಿಗೂ ಹೋಗಿ, ಕಟ್ಟಿಸಿಕೊಳ್ಳಬಹುದು ಅಂತಲೇ ತೀರ್ಪಾಯಿತು. ಎಲ್ಲ ಚೆನ್ನಾಗಿತ್ತು. 2023ರ ಮೇ ತಿಂಗಳಲ್ಲಿ ಅಲ್ಲಿನ ಸರ್ಕಾರ ದೇಶದ ಜನಕ್ಕೆಲ್ಲ ತಿಂಗಳಿಗೆ 49 ಯೂರೋಗೆ ಒಂದು ಟಿಕೆಟ್ ತಂದಿತು. ಊರಿನ ಬಸ್ಸು, ಲೋಕಲ್ ರೈಲು ಎಲ್ಲಕ್ಕೂ ಅದೇ ಸಾಕು. ವಿದ್ಯಾರ್ಥಿಗಳಲ್ಲದವರಿಗೇ ಇಷ್ಟು ಅಗ್ಗವಾದಾಗ ವಿದ್ಯಾರ್ಥಿಗಳನ್ನು ಒತ್ತಾಯ ಮಾಡಿ ಕಟ್ಟಿಸುವುದು ಯಾವ ನ್ಯಾಯ ಅನ್ನುವ ಪ್ರಶ್ನೆ ಎದ್ದಿತು. ಕೊನೆಗೆ 2024ರಿಂದ ಆ ಟಿಕೆಟ್ಟಿನ ದರದ ಶೇ. 60ಕ್ಕೆ, ಅಂದರೆ 29.40 ಯೂರೋಗೆ, ಇಡೀ ದೇಶ ಓಡಾಡುವ ಟಿಕೆಟ್ಟನ್ನು ವಿದ್ಯಾರ್ಥಿಗಳಿಗೆ ಕೊಡಬಹುದು ಅಂತ ದಾರಿ ಮಾಡಿದರು. ಅಲ್ಲಿ ಇಳಿಸಲು ಜಾಗ ಇತ್ತು. ನಮ್ಮಲ್ಲಿ ಸೊನ್ನೆಗಿಂತ ಕೆಳಗೆ ಎಲ್ಲಿ ಇಳಿಸುತ್ತೀರಿ?

ಬಸ್ಸುಗಳ ಮಾತೂ ಇದೆ. ಬೆಳಿಗ್ಗೆ ಎಂಟರ ಹೊತ್ತಿಗೆ ಮಂಡ್ಯ ಬಸ್ ಸ್ಟ್ಯಾಂಡಿನಲ್ಲಿ ಮೈಸೂರಿನ ಬಸ್ಸು ಬಂದು ನಿಲ್ಲುವುದನ್ನು ನೀವು ನೋಡಿದ್ದೀರಿ. ಅದು ಪೂರ್ತಿ ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲ್, ಟಿಫನ್ ಬ್ಯಾಗು ಒಳಗೆ ಬೀಳುತ್ತವೆ. ಇಳಿಯುವವರಿಗೆ ಜಾಗ ಬಿಡ್ರೀ ಅಂತ ಕಂಡಕ್ಟರ್ ಕೂಗುತ್ತಲೇ ಇರುತ್ತಾರೆ. ಬಾಗಿಲಲ್ಲಿ ನೇತಾಡುವವರು ಹೆಚ್ಚಿಗೆ ಕಾಲೇಜು ಹುಡುಗರೇ, ಬ್ಯಾಗನ್ನು ಎದೆಗೆ ಹಾಕಿಕೊಂಡು. ಶ್ರೀರಂಗಪಟ್ಟಣದಲ್ಲಿ ಇನ್ನಷ್ಟು ಜನ ಹತ್ತುತ್ತಾರೆ. ಮೈಸೂರಿನ ಸಬರ್ಬನ್ ಸ್ಟ್ಯಾಂಡಿನಲ್ಲಿ ಇಳಿದು, ಸಿಟಿ ಬಸ್ ಸ್ಟ್ಯಾಂಡಿಗೆ ನಡೆದು, ಅಲ್ಲಿಂದ ಇನ್ನೊಂದು ಬಸ್ಸು. ಅಮೆರಿಕದ ಲೆಕ್ಕ ನಡೆಯುವುದು ಖಾಲಿ ಸೀಟಿನ ಮೇಲೆ. ಹೇಗೂ ಓಡುವ ಬಸ್ಸಿನಲ್ಲಿ ಹತ್ತು ಸೀಟು ಖಾಲಿ ಇದ್ದರೆ, ಅಲ್ಲಿ ವಿದ್ಯಾರ್ಥಿ ಕೂತರೆ ಬಸ್ಸಿನವರಿಗೆ ಹೊಸ ಖರ್ಚಿಲ್ಲ, ಬಂದಷ್ಟು ಲಾಭ. ನಮ್ಮಲ್ಲಿ ಬೆಳಿಗ್ಗೆ ಕಾಲಿಡಲು ಜಾಗ ಇಲ್ಲ. ಬಸ್ಸು ಹೆಚ್ಚಿಸದೆ ಪಾಸು ಹಂಚಿದರೆ ಕಟ್ಟಿದವರೂ ಸ್ಟ್ಯಾಂಡಿನಲ್ಲೇ ನಿಂತಿರುತ್ತಾರೆ.

ಹಾಗಾದರೆ ಆ ಹುಡುಗನ ಕಷ್ಟ ಸುಳ್ಳಾ? ಖಂಡಿತ ಅಲ್ಲ. ಕೆಎಸ್‌ಆರ್‌ಟಿಸಿ ವಿದ್ಯಾರ್ಥಿ ಪಾಸು ಅಗ್ಗವೇ. ಸೇವಾ ಸಿಂಧುವಿನಲ್ಲಿ ಅರ್ಜಿ ಹಾಕಿದರೆ ಸಿಗುತ್ತದೆ, ಪಿಎಚ್.ಡಿ.ಯವರಿಗೂ ಉಂಟು. ತೊಡಕು ಇರುವುದು ಪಾಸಿನ ಮೇಲೆ ಬರೆದ ಎರಡು ಹೆಸರುಗಳಲ್ಲಿ. ಮನೆ ಇರುವ ಊರಿಂದ ಕಾಲೇಜು ಇರುವ ಊರಿಗೆ, ಅಷ್ಟೇ. ಡಿಗ್ರಿ ಹುಡುಗರಿಗೆ ಅದು ಸಾಕು. ಸಂಶೋಧನೆ ಮಾಡುವವನ ಕಥೆ ಹಾಗಲ್ಲ. ಇವತ್ತು ತಾಳೆಗರಿ ನೋಡಲು ಮೈಸೂರಿನ ಓರಿಯಂಟಲ್ ರಿಸರ್ಚ್ ಇನ್‌ಸ್ಟಿಟ್ಯೂಟಿಗೆ ಹೋಗಬೇಕು, ನಾಳೆ ಮೇಲುಕೋಟೆಗೆ, ವಾರ ಬಿಟ್ಟು ಮಳವಳ್ಳಿಯ ಯಾವುದೋ ಹಳ್ಳಿಗೆ. ಮೈಸೂರು ಬಿಟ್ಟು ಬೇರೆ ಕಡೆಗೆಲ್ಲ ಅವನ ಪಾಸು ಬರೀ ಕಾಗದ. “ಈ ರೂಟಿಗೆ ಬರಲ್ಲ, ಟಿಕೆಟ್ ತಗೋ” ಅನ್ನುತ್ತಾರೆ ಕಂಡಕ್ಟರ್. ಅವರದೂ ತಪ್ಪಲ್ಲ. ಮೇಲಾಗಿ ವಿದ್ಯಾರ್ಥಿ ಪಾಸು ಹತ್ತು ತಿಂಗಳ ಲೆಕ್ಕದ್ದು. ಪಿಎಚ್.ಡಿ.ಗೆ ಬೇಸಿಗೆ ರಜ ಎಲ್ಲಿದೆ? 2025ರ ಜನವರಿಯಲ್ಲಿ ಬಸ್ ದರ ಶೇ. 15 ಏರಿದ ಮೇಲೆ ಇಂಥ ಓಡಾಟ ಕೈ ಕಚ್ಚುತ್ತದೆ.

ಯುಜಿಸಿ ಕೊಡುವ ಜೆಆರ್‌ಎಫ್ ಅನ್ನುವ ಸಂಶೋಧನಾ ಫೆಲೋಶಿಪ್ ಇದ್ದವರಿಗೆ 2023ರಿಂದ ತಿಂಗಳಿಗೆ 37,000 ರೂಪಾಯಿ ಬರುತ್ತದೆ. ಅವರು ಹೇಗೋ ತೂಗಿಸುತ್ತಾರೆ. ಫೆಲೋಶಿಪ್ ಇಲ್ಲದೆ ಅತಿಥಿ ಉಪನ್ಯಾಸಕರಾಗಿ ಪಾಠ ಮಾಡುತ್ತಾ ಪ್ರಬಂಧ ಬರೆಯುವವರೂ ಅದೇ ವಿಭಾಗದಲ್ಲಿರುತ್ತಾರೆ. ಕಡ್ಡಾಯ ಫೀಸಿಗೆ ಇವರಿಬ್ಬರ ವ್ಯತ್ಯಾಸ ಗೊತ್ತಾಗುವುದಿಲ್ಲ. ಇಬ್ಬರಿಂದಲೂ ಒಂದೇ ಮೊತ್ತ ಹಿಡಿಯುತ್ತದೆ.

ಫೀಸು ಹಾಕದಿದ್ದರೆ ಪಾಸಿಗೆ ದುಡ್ಡು ಎಲ್ಲಿಂದ ತರಬೇಕು ಅಂತ ವಿಶ್ವವಿದ್ಯಾನಿಲಯದವರು ಕೇಳಿದರೆ ಲಾಸ್ ಏಂಜಲೀಸ್‌ನ ಯುಸಿಎಲ್‌ಎ ವಿಶ್ವವಿದ್ಯಾನಿಲಯದ ಕಡೆ ನೋಡಲಿ. ಅಲ್ಲಿ 2000ದಲ್ಲಿ ಇಂಥ ಬಸ್ ಸೌಲಭ್ಯ ಶುರುಮಾಡಿದಾಗ ವಿದ್ಯಾರ್ಥಿಗಳ ಮೇಲೆ ಫೀಸು ಹಾಕದೆ ಕ್ಯಾಂಪಸ್ಸಿನ ಪಾರ್ಕಿಂಗ್ ಆದಾಯದಿಂದ ಬಸ್ ಕಂಪನಿಗೆ ಕೊಟ್ಟರು. ಮೊದಲ ವರ್ಷವೇ ಕ್ಯಾಂಪಸ್ಸಿಗೆ ಬಸ್ಸಿನಲ್ಲಿ ಬರುವುದು ಶೇ. 56 ಜಾಸ್ತಿಯಾಯಿತು. ಕಾರಿನವರು ಕೊಟ್ಟ ದುಡ್ಡಲ್ಲಿ ಬಸ್ಸು ಹತ್ತುವವರು ಓಡಾಡಿದರು. ನನಗೆ ಇದೇ ನ್ಯಾಯ ಅನ್ನಿಸುತ್ತದೆ. ಇನ್ನು ನಮ್ಮ ಕ್ಯಾಂಪಸ್ಸುಗಳಲ್ಲಿ ಗಾಡಿ ನಿಲ್ಲಿಸಲು ಕಾಸು ಕೊಡಿ ಅಂದರೆ ಮೊದಲು ಧರಣಿ ಕೂರುವವರು ಯಾರು ಅಂತ ಹೇಳುವುದು ಬೇಡ, ನನಗೂ ಮೇಷ್ಟ್ರುಗಳ ಸ್ನೇಹ ಬೇಕು!

ಆದ್ದರಿಂದ ಹುಡುಗನಿಗೆ ನನ್ನ ಕಡೆಯಿಂದ ಇಷ್ಟು ಹೇಳಿ. ಅರ್ಜಿಯಿಂದ ಕಡ್ಡಾಯ ಅನ್ನುವುದನ್ನು ತೆಗೆದುಹಾಕಲಿ. ಸಂಶೋಧನಾ ವಿದ್ಯಾರ್ಥಿಗಳ ಪಾಸಿಗೆ ರೂಟಿನ ಕಟ್ಟು ಬೇಡ, ಮೈಸೂರು, ಮಂಡ್ಯ ಎರಡೂ ಜಿಲ್ಲೆಗಳಲ್ಲಿ ನಡೆಯಲಿ, ಹನ್ನೆರಡು ತಿಂಗಳು ಇರಲಿ ಅಂತ ಬರೆಯಲಿ. ಬಸ್ಸು ಎಲ್ಲಿದೆ ಅಂತ ತೋರಿಸುವ ವ್ಯವಸ್ಥೆ 2012ರಲ್ಲೇ ಬಂದ ಊರು ಮೈಸೂರು. ಐಡಿ ಕಾರ್ಡು ನೋಡಿ ಗುರುತಿಸುವ ಯಂತ್ರ ಇಲ್ಲಿ ಬರುವುದು ಅಂಥ ದೊಡ್ಡ ಮಾತಲ್ಲ. ಬೆಳಿಗ್ಗೆ ಮಂಡ್ಯದಿಂದ ಮಾನಸಗಂಗೋತ್ರಿಗೆ ನೇರ ಬಸ್ಸು ಕೇಳಲಿ, ರಾತ್ರಿ ಲೈಬ್ರರಿ ಮುಚ್ಚುವ ಹೊತ್ತಿಗೆ ಒಂದು ವಾಪಸ್ ಬಸ್ಸೂ ಕೇಳಲಿ. ಅದಕ್ಕೆ ನಿಮ್ಮ ಮಗಳ ಸಹಿಯೂ ಬೀಳಬಹುದು. ಅವಳಿಗೆ ದುಡ್ಡು ಮಿಕ್ಕಿದೆ ನಿಜ, ಸೀಟು ಸಿಗುತ್ತದಾ ಅಂತ ಕೇಳಿ ನೋಡಿ.

ಅರ್ಜಿ ಸಿದ್ಧವಾದ ಮೇಲೆ ಒಂದು ಪ್ರತಿಯನ್ನು ನಮಗೂ ಕಳಿಸಲಿ. ಉದ್ದ ಆದರೂ ಪರವಾಗಿಲ್ಲ, ಮುಂದಿನ ಸಂಚಿಕೆಯಲ್ಲಿ ಎರಡು ಪುಟ ಬಿಟ್ಟುಕೊಡುತ್ತೇನೆ.

– ಸಂ.