ಎಣ್ಣೆಯಲ್ಲಿ ಬಿಚ್ಚಿಕೊಂಡ ಫಲಾಫೆಲ್

ಪ್ರಶ್ನೆ: ಮಗಳಿಗೆ ಫಲಾಫೆಲ್, ಅದೇ ಅರಬ್ ನಾಡುಗಳ ಕಡಲೆ ವಡೆ, ಅಂದರೆ ಪ್ರಾಣ. ಹೊರಗೆ ತಿಂದರೆ ಖರ್ಚು ಜಾಸ್ತಿ ಅಂತ ಮನೆಯಲ್ಲೇ ಮಾಡಲು ಹೊರಟೆ. ಕಾಬೂಲಿ ಕಡಲೆ ರಾತ್ರಿ ನೆನೆಸಿ, ಬೆಳಿಗ್ಗೆ ಕುಕ್ಕರಿನಲ್ಲಿ ನಾಲ್ಕು ಕೂಗು ಕೂಗಿಸಿ, ನುಣ್ಣಗೆ ರುಬ್ಬಿ ಉಂಡೆ ಕಟ್ಟಿದೆ. ಎಣ್ಣೆಗೆ ಬಿಟ್ಟದ್ದೇ ತಡ, ಎಲ್ಲಾ ಬಿಚ್ಚಿಕೊಂಡು ಬಾಣಲೆ ತುಂಬಾ ನೊರೆ! ಎಲ್ಲಿ ತಪ್ಪಿತು? ಅದಕ್ಕೆ ಹಾಕುವ ಪಾರ್ಸ್ಲಿ ಸೊಪ್ಪು ಇಲ್ಲದೆ ಮಾಡಬಹುದಾ?
ಓದುಗರು, ಡೊಂಬಿವಲಿ

ಉತ್ತರ: ತಪ್ಪಿದ್ದು ಕುಕ್ಕರಿನಲ್ಲಿ. ಆಂಬೊಡೆಗೆ ಕಡಲೆಬೇಳೆ ಬೇಯಿಸುತ್ತೀರಾ? ಇಲ್ಲ ಅಲ್ವಾ. ಇದೂ ಹಾಗೇ. ನೆನೆದ ಹಸಿ ಕಡಲೆಯ ಪಿಷ್ಟ ಎಣ್ಣೆಯ ಬಿಸಿಗೆ ಬೆಂದು ಅಂಟಾಗಿ ಉಂಡೆಯನ್ನು ಹಿಡಿದಿಡುತ್ತದೆ, ಮೊದಲೇ ಬೇಯಿಸಿಬಿಟ್ಟರೆ ಆ ಅಂಟು ಕುಕ್ಕರಿನಲ್ಲೇ ಖರ್ಚಾಗಿರುತ್ತದೆ, ಜೊತೆಗೆ ಕಡಲೆ ಬೇಕಾದಷ್ಟು ನೀರೂ ಕುಡಿದಿರುತ್ತದೆ. ಡಬ್ಬಿಯಲ್ಲಿ ಬರುವ ಕಡಲೆಯೂ ಬೆಂದದ್ದೇ, ಬೇಡ.

12ರಿಂದ 18 ಗಂಟೆ ನೆನೆಸಿ. ನಮ್ಮ ಮುಂಬೈ ಸೆಕೆಗೆ ಪಾತ್ರೆ ಫ್ರಿಜ್‌ನಲ್ಲಿರಲಿ. ಒಂದು ಮೇ ತಿಂಗಳಲ್ಲಿ ನಾನು ಕಟ್ಟೆ ಮೇಲೆ ಬಿಟ್ಟು ಮಲಗಿದ್ದೆ, ಬೆಳಿಗ್ಗೆ ಮುಚ್ಚಳ ತೆಗೆದರೆ ಹುಳಿ ವಾಸನೆ, ಅರ್ಧ ಕಿಲೋ ಕಡಲೆ ಸೀದಾ ಕಸಕ್ಕೆ.

ನೀರು ಬಸಿದು ಬಟ್ಟೆ ಮೇಲೆ ಹರಡಿ, ಪೂರ್ತಿ ಆರಲಿ. ಈರುಳ್ಳಿ, ಬೆಳ್ಳುಳ್ಳಿ, ಜೀರಿಗೆ, ಕೊತ್ತಂಬರಿ ಬೀಜ, ಸೊಪ್ಪು, ಉಪ್ಪು ಸೇರಿಸಿ ಮಿಕ್ಸಿಯನ್ನು ನಿಲ್ಲಿಸಿ ನಿಲ್ಲಿಸಿ ತಿರುಗಿಸಿ. ಒಂದು ಹನಿ ನೀರೂ ಬೇಡ. ದಪ್ಪ ರವೆ ಹಾಗಾಗಬೇಕು, ಮುಷ್ಟಿಯಲ್ಲಿ ಒತ್ತಿ ಬಿಟ್ಟರೆ ಬೆರಳಿನ ಅಚ್ಚು ನಿಲ್ಲಬೇಕು. ಅರ್ಧ ಗಂಟೆ ಫ್ರಿಜ್‌ನಲ್ಲಿಟ್ಟು, ಕರಿಯುವ ಮುಂಚೆ ಚಿಟಿಕೆ ಸೋಡಾ. ಮೊದಲು ಒಂದೇ ಒಂದು ಬಿಟ್ಟು ನೋಡಿ. ಬಿಚ್ಚಿಕೊಂಡರೆ ಹಿಟ್ಟನ್ನು ಇನ್ನೊಂದು ಸುತ್ತು ತಿರುಗಿಸಿ, ಆಗಲೂ ಹಟ ಮಾಡಿದರೆ ಒಂದು ಚಮಚ ಕಡಲೆಹಿಟ್ಟು. ಉರಿ ಮಧ್ಯಮ ಇರಲಿ, ಇಲ್ಲದಿದ್ದರೆ ಮೇಲೆ ಕಪ್ಪು, ಒಳಗೆ ಹಸಿ.

ಪಾರ್ಸ್ಲಿಗಾಗಿ ಕ್ರಾಫರ್ಡ್ ಮಾರ್ಕೆಟ್‌ಗೆ ಅಲೆಯಬೇಡಿ. ಈಜಿಪ್ಟಿನಲ್ಲಿ ಫಲಾಫೆಲ್‌ಗೆ ತಾಮೆಯಾ ಅನ್ನುತ್ತಾರೆ, ಅಲ್ಲಿ ಕಡಲೆಯ ಬದಲು ಒಣ ಫಾವಾ ಬೇಳೆ (ಅವರೆಯಂಥ ದಪ್ಪ ಕಾಳು). ಅದಕ್ಕೆ ಪಾರ್ಸ್ಲಿ, ಕೊತ್ತಂಬರಿ ಜೊತೆ ಹಾಕುವ ಇನ್ನೊಂದು ಸೊಪ್ಪು ಯಾವುದು ಗೊತ್ತಾ? ನಮ್ಮ ಸಬ್ಬಸಿಗೆ! ಭಾಜಿವಾಲಾ ಹತ್ತಿರ ಶೇಪು ಅಂತ ಕೇಳಿ, ಕೊತ್ತಂಬರಿ ಎರಡು ಹಿಡಿ, ಇದು ಅರ್ಧ ಹಿಡಿ ಸಾಕು.

ಜೊತೆಗೆ ಹಚ್ಚುವ ಎಳ್ಳಿನ ಚಟ್ನಿ ತಾಹಿನಿಗೆ ಬಿಳಿ ಎಳ್ಳನ್ನು ಬಣ್ಣ ಬರದ ಹಾಗೆ ಹುರಿದು, ಸ್ವಲ್ಪ ಎಣ್ಣೆ ಹಾಕಿ ರುಬ್ಬಿ. ನಿಂಬೆರಸ ಬಿದ್ದ ಕೂಡಲೇ ಗಟ್ಟಿಯಾಗಿ ಹಟ ಹಿಡಿಯುತ್ತದೆ, ಗಾಬರಿ ಬೇಡ, ತಣ್ಣೀರು ಚಮಚ ಚಮಚವಾಗಿ ಹಾಕುತ್ತಾ ಕಲಸಿ, ಬೆಳ್ಳಗೆ ಸಡಿಲವಾಗುತ್ತದೆ. ಪಿಟಾ ರೊಟ್ಟಿ ಇಲ್ಲದಿದ್ದರೆ ಪಾವ್ ಇದೆಯಲ್ಲ. ವಡಾಪಾವಿನ ಬೆಳ್ಳುಳ್ಳಿ ಚಟ್ನಿ ಮಾತ್ರ ಉದುರಿಸಬೇಡಿ, ಎಳ್ಳಿನ ರುಚಿ ಮುಳುಗಿಹೋಗುತ್ತದೆ. ಮಗಳು ಉದುರಿಸಿಕೊಂಡರೆ ನನ್ನನ್ನು ಕೇಳಬೇಡಿ.